ಕೈ ನಿಮ್ಮದೇ, ಲ್ಯಾಪ್‌ಟಾಪ್ ಯಾರದು?

ಕಡುಬು-ಮೋದಕಗಳ ನಡುವೆ ಇದೇನಪ್ಪಾ ಕಂಪ್ಯೂಟರ್ ಪುರಾಣ ಎಂದು ಪುಟ ಮಗುಚಬೇಡಿ. ಈ ಅಂಕಣವನ್ನು ಸಹಿಸಿಕೊಳ್ಳುವುದೂ ನಮ್ಮ ಹಬ್ಬದ ಆಚರಣೆಯ ಒಂದು ಭಾಗ ಎಂದೇ ತಿಳಿಯಿರಿ!

ಈ ಸಲದ ವಿಷಯ ಸಿಕ್ಕಿದ್ದು ಬಸವನಗುಡಿಯಿಂದ. ಕೂಟದ ಗೆಳೆಯರೊಬ್ಬರು ಸಂಸಾರ ಸಮೇತ ಬೇಸಗೆ ರಜೆಗೆ ಊರಿಗೆ ಹೋಗಿದ್ದರು. ಮೂರು ವಾರ ರಜೆ, ನಾಲ್ಕನೆಯ ವಾರ ಅತ್ತೆ ಮನೆಯಿಂದಲೇ ಆಫೀಸಿನ ಕೆಲಸ. ಮೇಲಧಿಕಾರಿಯ ಒಪ್ಪಿಗೆಯೂ ಇತ್ತು. ಅಲ್ಲಿ ಸೋಮವಾರ ಸಂಜೆ, ಇಲ್ಲಿ ನನಗಿನ್ನೂ ಬೆಳಗಿನ ಕಾಫಿ, ಫೋನು ಬಂತು. "ಏನ್ ಸಾರ್ ಇದು? ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ. ಫೋನಿಗೆ ಬಂದ ಕೋಡೂ ಹಾಕಿದೆ. ಆದ್ರೂ ನಿಮ್ಮ ಕಂಪ್ಯೂಟರ್ ನಮ್ಮ ನಿಯಮಕ್ಕೆ ಹೊಂದ್ತಿಲ್ಲ ಅಂತ ಹೊರಗೇ ನಿಲ್ಲಿಸಿದೆ. ನಾನು ನಾನೇ ಅಲ್ವಾ?"

"ನೀವು ನೀವೇ, ಅದರಲ್ಲಿ ಅದಕ್ಕೇನೂ ಅನುಮಾನ ಇಲ್ಲ. ಅನುಮಾನ ಇರೋದು ನಿಮ್ಮ ಲ್ಯಾಪ್‌ಟಾಪ್ ಮೇಲೆ" ಎಂದೆ. ಮೂರು ವಾರ ಮುಚ್ಚಿಟ್ಟಿದ್ದ ಯಂತ್ರ. ಅಷ್ಟರಲ್ಲಿ ಬಂದಿದ್ದ ವಿಂಡೋಸ್ ತೇಪೆಗಳು ಒಂದೂ ಹತ್ತಿರಲಿಲ್ಲ, ವೈರಸ್ ಪಟ್ಟಿಯೂ ಹಳತಾಗಿತ್ತು. ಅವನ್ನೆಲ್ಲ ಇಳಿಸಿಕೊಂಡು ಎರಡು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಬಾಗಿಲು ತೆರೆಯಿತು. ಅವರ ಕೆಲಸ ಮುಗಿಯಿತು, ನನ್ನ ಅಂಕಣ ಶುರುವಾಯಿತು.

ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಬಾಗಿಲ ಬಳಿ ಒಂದು ಕಲ್ಲು ಚಪ್ಪಡಿ, ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು, ಒಂದು ಚೊಂಬು ಇರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಟವಾಡಿ ಬಂದ ಮೊಮ್ಮಗ ಯಾರೆಂದು ಅಜ್ಜಿಗೆ ಗೊತ್ತಿಲ್ಲವೇ? ಗೊತ್ತು. ಆದರೂ "ಕೈಕಾಲು ತೊಳ್ಕೊಂಡು ಒಳಗೆ ಬಾ" ಎನ್ನುತ್ತಿದ್ದಳು. ಗುರುತು ಬೇರೆ, ಸ್ಥಿತಿ ಬೇರೆ. ಪಾಸ್‌ವರ್ಡು ಹೇಳುವುದು ನೀವು ಯಾರು ಎಂಬುದನ್ನು ಮಾತ್ರ. ನೀವು ಯಾವ ಕೆಸರು ತುಳಿದು ಬಂದಿದ್ದೀರಿ ಎಂಬುದನ್ನು ಅದು ಹೇಳುವುದಿಲ್ಲ. ಆಫೀಸಿನ ಜಾಲಕ್ಕೆ ದೂರದಿಂದ ಸೇರಲು ಬರುವ ಕಂಪ್ಯೂಟರನ್ನು ಒಳಗೆ ಬಿಡುವ ಮುನ್ನ ತಪಾಸಣೆ ಮಾಡುವ ಇಡೀ ಶಾಸ್ತ್ರ ಈ ಚಪ್ಪಡಿಕಲ್ಲಿನ ಮೇಲೆ ನಿಂತಿದೆ. ತೊಳೆಯದವರನ್ನು ಓಡಿಸುವುದಲ್ಲ, ಅಲ್ಲೇ ನಿಲ್ಲಿಸಿ ನೀರು ಕೊಡುವುದು. ಗೆಳೆಯರ ಲ್ಯಾಪ್‌ಟಾಪಿಗೂ ಆದದ್ದು ಅದೇ. ಆಫೀಸಿನ ಕಡತಗಳಿಗೆ ದಾರಿ ಮುಚ್ಚಿತ್ತು, ತೇಪೆ ಇಳಿಸಿಕೊಳ್ಳುವ ದಾರಿ ತೆರೆದಿತ್ತು.

ದೂರದ ಯಂತ್ರವನ್ನು "ನೀನ್ಯಾರು" ಎಂದು ಕೇಳುವ ಅಭ್ಯಾಸ ಕಂಪ್ಯೂಟರಿಗಿಂತ ಹಳೆಯದು. ಟೆಲೆಕ್ಸ್ ಯಂತ್ರದಲ್ಲಿ ಅದಕ್ಕೆಂದೇ ಒಂದು ಕೀಲಿ ಇತ್ತು. ಬೆಂಗಳೂರಿನಲ್ಲಿ ಕುಳಿತು ಅದನ್ನು ಒತ್ತಿದರೆ ಲಂಡನ್ನಿನ ಯಂತ್ರ, ಅಲ್ಲಿ ಯಾರೂ ಇಲ್ಲದಿದ್ದರೂ, ತಾನಾಗಿಯೇ ತನ್ನ ಹೆಸರಿನ ಸಂಕೇತವನ್ನು ಟಪಟಪ ಒದರುತ್ತಿತ್ತು. ಟೆಲಿಟೈಪ್ ಯಂತ್ರಗಳ ಒಳಗೆ ಇದಕ್ಕಾಗಿ ಒಂದು ಪುಟ್ಟ ಉರುಳೆ. ಅದರ ಹಲ್ಲುಗಳನ್ನು ಬೇಕಾದಂತೆ ಮುರಿದು ಆ ಸಂಕೇತವನ್ನು ಕೂಡಿಸುತ್ತಿದ್ದರು. ಆಸ್ಕಿ ಸಂಕೇತಗಳ ಪಟ್ಟಿಯಲ್ಲಿ 5ನೇ ಸಂಖ್ಯೆ ಇವತ್ತಿಗೂ ಆ ಪ್ರಶ್ನೆಗೇ ಮೀಸಲು. ಆದರೆ ಒಂದು ತೊಡಕು ಅಂದೇ ಇತ್ತು. ಉರುಳೆಯ ಹಲ್ಲು ಮುರಿಯಲು ಬರುವವನು ಯಾರ ಹೆಸರನ್ನು ಬೇಕಾದರೂ ಕೂಡಿಸಬಹುದು. ಈ ತೊಡಕನ್ನು ನೆನಪಿಟ್ಟುಕೊಂಡಿರಿ, ಮುಂದೆ ಮತ್ತೆ ಎದುರಾಗುತ್ತದೆ.

ಮೋಡೆಮ್ ಕಾಲದಲ್ಲಿ ಇನ್ನೊಂದು ಉಪಾಯ ಬಂತು. ನೀವು ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಡಯಲ್ ಮಾಡಿದರೆ ಅದು ನಿಮ್ಮ ಹೆಸರು ಕೇಳಿ ಪಟ್ಟನೆ ಫೋನಿಡುತ್ತಿತ್ತು. ಆಮೇಲೆ ತನ್ನ ಪಟ್ಟಿಯಲ್ಲಿದ್ದ ನಿಮ್ಮ ಮನೆಯ ನಂಬರಿಗೆ ತಾನೇ ತಿರುಗಿ ಕರೆ ಮಾಡುತ್ತಿತ್ತು. ಪಾಸ್‌ವರ್ಡ್ ಕದ್ದವನ ಮನೆಯಲ್ಲಿ ಆ ಫೋನು ಬಾರಿಸುವುದಿಲ್ಲವಲ್ಲ! ಚೆನ್ನಾಗಿತ್ತು, ಆದರೆ ಕರೆಯನ್ನು ಬೇರೆ ನಂಬರಿಗೆ ತಿರುಗಿಸುವ ಸೌಲಭ್ಯ ಬಂದ ಮೇಲೆ ಅದರ ಮರ್ಯಾದೆ ಹೋಯಿತು. ಪ್ರವಾಸದಲ್ಲಿದ್ದವರಿಗಂತೂ ಮೊದಲಿಂದಲೂ ಅದು ನಿರುಪಯೋಗಿ.

ಯಂತ್ರದ ಆರೋಗ್ಯವನ್ನೂ ಕೇಳಬೇಕು ಎಂದು ಎಲ್ಲರಿಗೂ ಹೊಳೆದದ್ದು 2003ರಲ್ಲಿ. ಆ ವರ್ಷದ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಹೊರಬಿತ್ತು. ಅದರ ಗಾತ್ರ ಬರೀ 376 ಬೈಟ್. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಅಂದರೆ ನಾವು ಬರೆಯುವ ಎರಡು ಸಾಲಿಗಿಂತ ಹೆಚ್ಚಿಲ್ಲ. ಆ ಎರಡು ಸಾಲು ಶುರುವಿನಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತ, ಹತ್ತು ನಿಮಿಷದೊಳಗೆ ತನಗೆ ಸಿಕ್ಕಬಹುದಾಗಿದ್ದ ಕಂಪ್ಯೂಟರುಗಳಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿದುಬಿಟ್ಟಿತು. ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ, 2002ರ ಜುಲೈನಲ್ಲಿ, ಅದಕ್ಕೆ ತೇಪೆ ಕೊಟ್ಟಿತ್ತು. ಹಾಕಿಕೊಂಡವರು ಕಡಿಮೆ.

ಓಹಾಯೋದಲ್ಲಿರುವವರಿಗೆ ಡೇವಿಸ್-ಬೆಸ್ಸೆ ಅಣುಸ್ಥಾವರದ ಹೆಸರು ಗೊತ್ತಿರುತ್ತದೆ, ಈರಿ ಸರೋವರದ ದಂಡೆಯಲ್ಲಿದೆ. ಸ್ಥಾವರದ ಜಾಲಕ್ಕೆ ಫೈರ್‌ವಾಲ್ ಇತ್ತು, ಈ ಹುಳು ಬರಬಹುದಾದ ಕಿಂಡಿಯನ್ನು ಅದು ಮುಚ್ಚಿಯೂ ಇತ್ತು. ಹಾಗಿದ್ದರೂ ಹುಳು ಒಳಗೆ ಬಂತು. ಹೇಗೆ? ಒಬ್ಬ ಗುತ್ತಿಗೆದಾರರ ಕಂಪನಿಯ ಜಾಲದಿಂದ ಸ್ಥಾವರದ ಕಚೇರಿಯ ಜಾಲಕ್ಕೆ ಒಂದು ನೇರ ತಂತಿ ಎಳೆದಿದ್ದರು, ಅದು ಫೈರ್‌ವಾಲನ್ನು ದಾಟದೆ ಪಕ್ಕದಿಂದ ಬರುತ್ತಿತ್ತು. ಮುಂಬಾಗಿಲಿಗೆ ಏಳು ಬೀಗ, ಹಿತ್ತಲ ಬಾಗಿಲಿಗೆ ಚಿಲಕವೂ ಇಲ್ಲ. ಗುತ್ತಿಗೆದಾರರ ಕಡೆಯ ಒಂದು ಯಂತ್ರಕ್ಕೆ ಸೋಂಕು ತಗುಲಿತು, ಅಲ್ಲಿಂದ ಕಚೇರಿಯ ಜಾಲಕ್ಕೆ, ಅಲ್ಲಿಂದ ಸ್ಥಾವರದ ಜಾಲಕ್ಕೆ. ಸ್ಥಾವರದ ಸುರಕ್ಷಾ ಸೂಚ್ಯಂಕಗಳನ್ನು ತೋರಿಸುವ ಪರದೆ ವ್ಯವಸ್ಥೆ ನಾಲ್ಕು ಗಂಟೆ ಐವತ್ತು ನಿಮಿಷ ಕೈಕೊಟ್ಟಿತು. ಇನ್ನೊಂದು ಕಂಪ್ಯೂಟರ್ ಆರು ಗಂಟೆಗೂ ಮೀರಿ ನಿಂತಿತ್ತು. ಪುಣ್ಯಕ್ಕೆ ರಿಯಾಕ್ಟರು ತುಕ್ಕಿನ ರಿಪೇರಿಗಾಗಿ ಹಿಂದಿನ ವರ್ಷದಿಂದಲೇ ಮುಚ್ಚಿತ್ತು, ಹಳೆಯ ಮುಳ್ಳಿನ ಮೀಟರುಗಳೂ ಕೆಲಸ ಮಾಡುತ್ತಿದ್ದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಲ್ಲಿ ಯಾರ ಪಾಸ್‌ವರ್ಡೂ ಕಳುವಾಗಿರಲಿಲ್ಲ ಎಂಬುದನ್ನು ಗಮನಿಸಿ. ಒಳಗೆ ಬಂದ ಯಂತ್ರವನ್ನು ಯಾರೂ ಏನೂ ಕೇಳಲಿಲ್ಲ, ಅಷ್ಟೇ.

ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಇನ್ನೊಂದು ಹುಳು. ಬಂದ ಮುಹೂರ್ತ ಹೇಗಿತ್ತೆಂದರೆ, ಇಲ್ಲಿಯ ಕಾಲೇಜುಗಳಲ್ಲಿ ಮಕ್ಕಳು ಹಾಸ್ಟೆಲ್ಲಿಗೆ ಮರಳುವ ವಾರಗಳು. ಬೇಸಗೆಯೆಲ್ಲ ಮನೆಯಲ್ಲಿ ಬಿಚ್ಚಾಡಿದ ಕಂಪ್ಯೂಟರುಗಳನ್ನು ಹೊತ್ತು ತಂದು ಒಂದೇ ಸಲಕ್ಕೆ ಕಾಲೇಜಿನ ಜಾಲಕ್ಕೆ ಸಿಕ್ಕಿಸಿದರು. ಆಗಲೇ ಹಲವು ವಿಶ್ವವಿದ್ಯಾಲಯಗಳು "ಮೊದಲು ತಪಾಸಣೆ, ಆಮೇಲೆ ಇಂಟರ್ನೆಟ್" ಎಂಬ ಪದ್ಧತಿಗೆ ಬಂದವು. ಆ ವರ್ಷದ ಕೊನೆಗೆ ಸಿಸ್ಕೋ ಇಂಥ ತಪಾಸಣೆಯ ಯೋಜನೆ ಪ್ರಕಟಿಸಿತು, ಮೈಕ್ರೋಸಾಫ್ಟ್ ತನ್ನದೊಂದನ್ನು 2008ರ ವಿಂಡೋಸ್ ಸರ್ವರಿನಲ್ಲಿ ಕೊಟ್ಟಿತು. ಅದನ್ನು ಮುಂದೆ 2016ರ ಸರ್ವರಿನಿಂದ ಕೈಬಿಟ್ಟಿದ್ದೂ ಆಯಿತು.

ಇವುಗಳಿಗೆಲ್ಲ ಅಡಿಪಾಯವಾಗಿ 2001ರಲ್ಲೇ 802.1ಎಕ್ಸ್ ಎಂಬ ಮಾನಕ ಬಂದಿತ್ತು. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮಗಳೋ ಮಗನೋ ಕಾಲೇಜಿನಲ್ಲಿ ಎಡುರೋಮ್ ವೈಫೈ ಬಳಸುತ್ತಿದ್ದರೆ ಅದು ನಡೆಯುವುದು ಇದರ ಮೇಲೇ. ಜಾಲದ ಕಿಂಡಿಯಲ್ಲಿ ಕೂತ ಪೆಟ್ಟಿಗೆಗೆ ಸ್ವಂತ ಬುದ್ಧಿ ಇಲ್ಲ. ಬಂದವರ ಮಾತನ್ನು ಒಳಗಿನ ಯಜಮಾನರಿಗೆ ಮುಟ್ಟಿಸುತ್ತದೆ, ಅವರು ಹೂಂ ಎನ್ನುವವರೆಗೆ ಬೇರೆ ಒಂದು ತುಣುಕು ಮಾಹಿತಿಯನ್ನೂ ಒಳಗೆ ಬಿಡುವುದಿಲ್ಲ. ಒಪ್ಪಿಗೆ ಸಿಕ್ಕರೂ ಎಲ್ಲರಿಗೂ ಒಂದೇ ಕೋಣೆ ಅಲ್ಲ. ಅತಿಥಿಗೆ ಜಗಲಿ, ಕೆಲಸದವರಿಗೆ ನಡುಮನೆ, ಕೊಳೆ ಇದ್ದವರಿಗೆ ಅದೇ ಚಪ್ಪಡಿಕಲ್ಲು.

ಈಗ ಟೆಲೆಕ್ಸ್ ಉರುಳೆಯ ತೊಡಕಿಗೆ ಬರೋಣ. ತಪಾಸಣೆ ಹೇಗೆ ನಡೆಯುತ್ತದೆ? ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ತಂತ್ರಾಂಶ ಕೂತಿರುತ್ತದೆ. ತೇಪೆ ಹತ್ತಿದೆಯೇ, ವೈರಸ್ ತಡೆ ಎಚ್ಚರವಿದೆಯೇ, ಡಿಸ್ಕು ಗೂಢಲಿಪಿಯಲ್ಲಿದೆಯೇ ಎಂದು ಜಾಲ ಕೇಳುತ್ತದೆ, ಅದು ಉತ್ತರ ಹೇಳುತ್ತದೆ. ಆದರೆ ಲ್ಯಾಪ್‌ಟಾಪೇ ಕಳ್ಳರ ವಶವಾಗಿದ್ದರೆ? "ತೊಳ್ಕೊಂಡೆ ಅಜ್ಜಿ" ಎಂದು ಹೊರಗಿನಿಂದಲೇ ಕೂಗುವ ಮೊಮ್ಮಗನ ಕಥೆ! 2007ರಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಸಿಸ್ಕೋದ ತಪಾಸಣೆಗೆ ಹೀಗೆ ಸುಳ್ಳುತ್ತರ ಕೊಟ್ಟು ಒಳಗೆ ಹೋಗುವುದನ್ನು ಮಾಡಿ ತೋರಿಸಿದರು. ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಮಂಡಳಿಯಂತೂ ಸುಳ್ಳಾಡುವ ಯಂತ್ರಗಳ ಸಮಸ್ಯೆಯನ್ನು ತನ್ನ ಕೆಲಸದ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಯಂತ್ರದ ಮಾತಿನ ಮೇಲಷ್ಟೇ ನಿಂತ ತಪಾಸಣೆ ಸೋಮಾರಿಗಳನ್ನು ತಡೆಯುತ್ತದೆ, ಕಳ್ಳರನ್ನಲ್ಲ. ಸೋಮಾರಿಗಳೇ ಹೆಚ್ಚಿರುವುದರಿಂದ ಅದಕ್ಕೂ ಬೆಲೆಯಿದೆ.

ಅಜ್ಜಿ ಮಾತ್ರ ಮಾತಿಗೆ ಮರುಳಾಗುತ್ತಿರಲಿಲ್ಲ. "ಎಲ್ಲಿ, ಕಾಲು ತೋರಿಸು" ಎನ್ನುತ್ತಿದ್ದಳು. ಕಂಪ್ಯೂಟರಿಗೆ ಆ ಕಾಲು ಯಾವುದೆಂದರೆ ಟಿಪಿಎಂ ಎಂಬ ಚಿಪ್. ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹತ್ತುವುದಿಲ್ಲ ಎಂದು ನಿಮ್ಮಲ್ಲಿ ಎಷ್ಟೋ ಜನ ನನ್ನ ಮೇಲೇ ಸಿಟ್ಟಾಗಿದ್ದಿರಿ. 2021ರಲ್ಲಿ ಬಂದ ಆ ವಿಂಡೋಸ್ ಈ ಚಿಪ್ಪಿನ ಎರಡನೆಯ ಆವೃತ್ತಿ ಇರಲೇಬೇಕೆಂದು ಪಟ್ಟು ಹಿಡಿದದ್ದು ಆ ಜಗಳಕ್ಕೆ ಒಂದು ಮುಖ್ಯ ಕಾರಣ. ಚಿಪ್ಪಿನೊಳಗೆ ಒಂದು ಗುಟ್ಟಿನ ಕೀಲಿಕೈ ಇದೆ, ಅದು ಹೊರಗೆ ಬರುವುದೇ ಇಲ್ಲ. ಯಂತ್ರ ಎಚ್ಚರವಾಗುವಾಗ ಒಂದೊಂದು ತಂತ್ರಾಂಶವನ್ನೂ ಓಡಿಸುವ ಮುನ್ನ ಅದರ ಹೆಬ್ಬೆಟ್ಟಿನ ಗುರುತು ಈ ಚಿಪ್ಪಿಗೆ ಹೋಗಿ ಸೇರುತ್ತದೆ. ಸೇರಿಸಬಹುದು, ಅಳಿಸಲಾಗದು, ಅಳಿಯಬೇಕಾದರೆ ಯಂತ್ರವನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು. ದೂರದ ಜಾಲ ಆಗಷ್ಟೇ ಹುಟ್ಟಿಸಿದ ಒಂದು ಅಂಕಿಯನ್ನು ಕಳಿಸಿ "ಇದರ ಜೊತೆ ನಿನ್ನ ಗುರುತುಗಳಿಗೆ ಸಹಿ ಹಾಕಿ ಕಳಿಸು" ಎನ್ನುತ್ತದೆ. ಹೊಸ ಅಂಕಿ ಯಾಕೆ? ನಿನ್ನೆಯ ಸಹಿಯನ್ನು ಇವತ್ತು ತೋರಿಸಬಾರದಲ್ಲ. ಅಜ್ಜಿಯೂ ಕಾಲು ಒದ್ದೆ ಇದೆಯೇ ಎಂದೇ ನೋಡುತ್ತಿದ್ದದ್ದು! ಇಷ್ಟಾದರೂ ಈ ಚಿಪ್ಪು ಹೇಳುವುದು ಯಂತ್ರ ಎದ್ದಾಗ ಹೇಗಿತ್ತು ಎಂಬುದನ್ನು. ಎದ್ದ ಮೇಲೆ ನೀವು ಯಾವ ಲಿಂಕು ಒತ್ತಿದಿರಿ ಎಂಬುದಕ್ಕೆ ಅದು ಹೊಣೆಯಲ್ಲ.

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು, ನಮಗೇನು ಎನ್ನುವವರಿಗೆ ಒಂದು ಮನೆಯ ಕಥೆ. ಲಾಸ್ಟ್‌ಪಾಸ್ ಎಂಬುದು ಜನರ ಪಾಸ್‌ವರ್ಡುಗಳನ್ನು ಜೋಪಾನ ಮಾಡುವ ಕಂಪನಿ. 2022ರಲ್ಲಿ ಅಲ್ಲಿ ದೊಡ್ಡ ಕಳ್ಳತನವಾಯಿತು. ಗುಟ್ಟಿನ ಕೀಲಿಗಳು ಕೈಗೆ ಸಿಗುತ್ತಿದ್ದದ್ದು ನಾಲ್ಕೇ ನಾಲ್ಕು ಎಂಜಿನಿಯರುಗಳಿಗೆ. ಅವರಲ್ಲಿ ಒಬ್ಬರ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ-ಹಾಡು ಇಟ್ಟುಕೊಳ್ಳುವ ಪ್ಲೆಕ್ಸ್ ತಂತ್ರಾಂಶ ಇತ್ತು. ಅದರಲ್ಲಿದ್ದ ತೂತಿಗೆ 2020ರಲ್ಲೇ ತೇಪೆ ಬಂದಿತ್ತು, ಈ ಮನೆಯಲ್ಲಿ ಹಾಕಿರಲಿಲ್ಲ. ಕಳ್ಳರು ಆ ತೂತಿನಿಂದ ಬಂದು, ಒತ್ತಿದ ಅಕ್ಷರಗಳನ್ನೆಲ್ಲ ಬರೆದುಕೊಳ್ಳುವ ತಂತ್ರಾಂಶ ಕೂರಿಸಿದರು. ಎಂಜಿನಿಯರು ಎರಡನೆಯ ಹಂತದ ಪರಿಶೀಲನೆಯನ್ನೂ ಮುಗಿಸಿ ಮುಖ್ಯ ಪಾಸ್‌ವರ್ಡ್ ಒತ್ತಿದಾಗ ಅದು ಅವರ ಕೈಸೇರಿತು. ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ನಕಲುಗಳೇ ಹೋದವು. ಮನುಷ್ಯ ಸರಿ, ಪಾಸ್‌ವರ್ಡ್ ಸರಿ, ಕೋಡೂ ಸರಿ. ಯಂತ್ರ ಮಾತ್ರ ಮನೆಯದು.

ಉಲ್ಟಾ ಕಥೆಯೂ ಇದೆ. 2025ರ ಜುಲೈನಲ್ಲಿ ಅರಿಜೋನಾದ ಮಹಿಳೆಯೊಬ್ಬರಿಗೆ ಎಂಟೂವರೆ ವರ್ಷ ಸೆರೆಮನೆಯಾಯಿತು. ಉತ್ತರ ಕೊರಿಯಾದ ಕಂಪ್ಯೂಟರ್ ಕೆಲಸಗಾರರು ಅಮೆರಿಕನ್ನರಿಂದ ಕದ್ದ ಹೆಸರುಗಳಲ್ಲಿ ಇಲ್ಲಿಯ 300ಕ್ಕೂ ಹೆಚ್ಚು ಕಂಪನಿಗಳಲ್ಲಿ ಮನೆಯಿಂದ ಕೆಲಸ ಹಿಡಿದಿದ್ದರು. ಕಂಪನಿಗಳು ಕಳಿಸಿದ ಲ್ಯಾಪ್‌ಟಾಪುಗಳು ಈಕೆಯ ಮನೆಗೆ ಬರುತ್ತಿದ್ದವು. ಈಕೆ ಅವನ್ನು ಸಾಲಾಗಿ ಹಚ್ಚಿಟ್ಟು, ಯಾವುದು ಯಾವ ಕಂಪನಿಯದು ಎಂದು ಚೀಟಿ ಅಂಟಿಸಿದ್ದಳಂತೆ. ಅವರು ದೂರದಿಂದ ಅವನ್ನು ನಡೆಸುತ್ತಿದ್ದರು. ಪೊಲೀಸರು ಹೊತ್ತೊಯ್ದದ್ದು 90ಕ್ಕೂ ಹೆಚ್ಚು ಲ್ಯಾಪ್‌ಟಾಪು. ಇಲ್ಲಿ ಯಂತ್ರ ಅಪ್ಪಟ ಕಂಪನಿಯದೇ, ವಿಳಾಸ ಅಮೆರಿಕದ್ದೇ. ಕೈ ಮಾತ್ರ ಬೇರೆಯವರದು.

ಇದು ಬಂದ ಮೇಲೆ ಕಂಪನಿಗಳ ಕಣ್ಣು ಬಹಳ ಚುರುಕಾಗಿದೆ, ಮತ್ತು ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟು, ಜೇಬಿನಲ್ಲಿ ಪುಟ್ಟ ರೂಟರ್ ಕೊಂಡೊಯ್ದು, ಜಯನಗರದಲ್ಲಿ ಕೂತು ನ್ಯೂಜೆರ್ಸಿಯಲ್ಲೇ ಇದ್ದಂತೆ ತೋರಿಸಿಕೊಳ್ಳುವ ಉಪಾಯ ನಮ್ಮ ಪಾಟ್‌ಲಕ್ಕುಗಳಲ್ಲಿ ಚಟ್ನಿಪುಡಿಯಷ್ಟೇ ಧಾರಾಳವಾಗಿ ಹಂಚಿಕೆಯಾಗುತ್ತಿದೆ. ತಂದೆ-ತಾಯಿಗೆ ಹುಷಾರಿಲ್ಲ, ರಜೆ ಮುಗಿದಿದೆ, ಇನ್ನೆರಡು ವಾರ ಇರಬೇಕು ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಜಾಲದ ಆ ಬದಿಯಲ್ಲಿ ಕೂತು ನೋಡುವವನಿಗೆ ನೀವೂ ಅರಿಜೋನಾದ ಲ್ಯಾಪ್‌ಟಾಪೂ ಒಂದೇ ಥರ ಕಾಣುತ್ತೀರಿ. ಕೀಲಿ ಒತ್ತಿದ್ದಕ್ಕೂ ಅದು ತಲುಪಿದ್ದಕ್ಕೂ ನಡುವೆ ಇರುವ ತಡವನ್ನು ಮುಚ್ಚಿಡುವುದು ಕಷ್ಟ. ಬೆಂಗಳೂರು ಅಷ್ಟು ದೂರ. ವೀಸಾದ ಮೇಲೆ ಇರುವವರಿಗೆ ಕೆಲಸ ಹೋದರೆ ಹೋಗುವುದು ಸಂಬಳ ಒಂದೇ ಅಲ್ಲ. ಮೇಲಧಿಕಾರಿಯನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇಲ್ಲ ಎಂದರೆ ಸಂಬಳವಿಲ್ಲದ ರಜೆಯೇ ಅಗ್ಗ.

ತಪಾಸಣೆ ತಪ್ಪುವುದೂ ಉಂಟು. ಈ ಹಬ್ಬದ ದೇವರೇ ಸಾಕ್ಷಿ: ಬಾಗಿಲು ಕಾಯಲು ನಿಂತ ಮಗು ಮನೆಯ ಯಜಮಾನನನ್ನೇ ತಡೆಯಿತು, ಆಮೇಲಿನ ರಂಪ ನಿಮಗೆ ಗೊತ್ತೇ ಇದೆ. ನಿಯಮ ಪಾಲಿಸಿದ ಕಾವಲುಗಾರನದಲ್ಲ ತಪ್ಪು, ಪಟ್ಟಿಯಲ್ಲಿ ಯಾರ ಹೆಸರಿರಬೇಕೆಂದು ಯೋಚಿಸದವರದು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ವೈದ್ಯ ಮಿತ್ರರು ಇದನ್ನು ಚೆನ್ನಾಗಿ ಬಲ್ಲರು. ರಾತ್ರಿ ಎರಡಕ್ಕೆ ಮನೆಯಿಂದ ರೋಗಿಯ ಸ್ಕ್ಯಾನ್ ನೋಡಬೇಕಾದವರನ್ನು ತೇಪೆಗಾಗಿ ಅರ್ಧ ಗಂಟೆ ಹೊರಗೆ ನಿಲ್ಲಿಸುವುದು ತಮಾಷೆಯಲ್ಲ. ಹೊರಗೆ ನಿಂತವರಿಗೆ ಆ ಹೊತ್ತಿನಲ್ಲಿ ಫೋನೆತ್ತುವ ಒಬ್ಬ ಮನುಷ್ಯ ಇಲ್ಲದ ತಪಾಸಣೆಯನ್ನು ನಾನು ಅರೆಬೆಂದದ್ದು ಎನ್ನುತ್ತೇನೆ.

ಮನೆಯಲ್ಲಿ ಏನು ಮಾಡಬೇಕು? ಆಫೀಸಿನ ಲ್ಯಾಪ್‌ಟಾಪನ್ನು ಮಕ್ಕಳ ಹೋಮ್‌ವರ್ಕಿಗೆ ಕೊಡಬೇಡಿ. ಹೋಮ್‌ವರ್ಕು ಮುಗಿಯುವ ಹೊತ್ತಿಗೆ ಅದರಲ್ಲಿ ಯಾವುದೋ ಆಟದ ಪುಕ್ಕಟೆ ತುಣುಕು ಬಂದು ಕೂತಿರುತ್ತದೆ. ಹಾಗೆಯೇ ಮನೆಯ ಕಂಪ್ಯೂಟರಿನಲ್ಲಿ ಆಫೀಸಿನ ಕೆಲಸ ಬೇಡ. "ನಿಮ್ಮದೇ ಯಂತ್ರ ಬಳಸಿ, ನಮ್ಮ ತಪಾಸಣೆ ತಂತ್ರಾಂಶ ಹಾಕಿಕೊಳ್ಳಿ" ಎಂದು ಕಂಪನಿ ಹೇಳಿದರೆ ನನ್ನ ಉತ್ತರ ನೇರ: ಒಂದು ಲ್ಯಾಪ್‌ಟಾಪ್ ಕೊಡಿ. ಮಗಳ ಕಾಲೇಜು ಅರ್ಜಿ, ನಮ್ಮ ತೆರಿಗೆ ಕಾಗದ ಎಲ್ಲ ಇರುವ ಯಂತ್ರದಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವ ಹಕ್ಕು ಅವರಿಗೆ ಯಾಕೆ? ಊರಿಗೆ ಹೊರಡುವವರು ವಿಮಾನ ಹತ್ತುವ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಹಚ್ಚಿ ತೇಪೆಗಳನ್ನೆಲ್ಲ ಮುಗಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ಕೆಲಸ ಶುರುವಾಗುವ ದಿನಕ್ಕೆ ಕಾಯದೆ ಎರಡು ದಿನ ಮುಂಚೆಯೇ ಒಮ್ಮೆ ತೆರೆದು ನೋಡಿ. ಕರೆಂಟು ಹೋಗಬಹುದು ಎಂಬುದನ್ನೂ ಲೆಕ್ಕಕ್ಕಿಡಿ, ಅರ್ಧ ತೇಪೆಯಲ್ಲಿ ಯಂತ್ರ ಆರಿಹೋದರೆ ಇನ್ನೊಂದು ಪಾಡು.

ಕಳೆದ ಸಂಚಿಕೆ ಓದಿ ಸಹೋದರಿಯೊಬ್ಬರು ಕೇಳಿದ್ದರು: "ನಮ್ಮ ಯಜಮಾನರ ಫೋನಿಗೆ ಆಫೀಸಿನವರು ಯಾವುದೋ ಆಪ್ ಹಾಕಿಸಿದ್ದಾರೆ. ನಮ್ಮ ಮನೆ ಫೋಟೋಗಳನ್ನೆಲ್ಲ ನೋಡ್ತಾರಾ?" ಅದು ಹಾಕಿದ ರೀತಿಯ ಮೇಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ಆಫೀಸಿನ ಆಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸಿನ ಚಿತ್ರ ಕಂಡರೆ ಆಫೀಸಿಗೆ ಸಿಗುವುದು ಆ ಪಾಲು ಮಾತ್ರ, ನಿಮ್ಮ ಪಾಲು ಬೇರೆ. ಐಫೋನಿನಲ್ಲೂ 2019ರಿಂದ ಇಂಥ ಪಾಲು ಮಾಡುವ ವಿಧಾನ ಇದೆ. ಇಡೀ ಫೋನನ್ನೇ ನೋಂದಾಯಿಸಿದ್ದರೆ ಆಗಲೂ ಫೋಟೋ ತೆರೆದು ನೋಡಲು ಅವರಿಗೆ ಸಾಧ್ಯವಾಗುವುದಿಲ್ಲ, ಆದರೆ ಫೋನನ್ನು ಪೂರ್ತಿ ಅಳಿಸಿಹಾಕುವ ಗುಂಡಿ ಅವರ ಕೈಯಲ್ಲಿರಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಒಳಗೆ "ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್" ಎಂಬ ಪುಟ ತೆರೆದರೆ ಯಾವ ನೋಂದಣಿ, ಯಾವ ಹಕ್ಕು ಎಂದು ಬರೆದಿರುತ್ತದೆ. ಅದನ್ನು ಓದಿ, ಆದರೆ ಅದಕ್ಕೂ ಮೊದಲು ಮಗುವಿನ ನಾಮಕರಣದ ಫೋಟೋಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ.